ಊಜಿ ಪರದೆ ಎತ್ತಿದ ಕೈ

ರಾಮನಗರದಲ್ಲಿ ಫೋಟೋ ಸ್ಟುಡಿಯೋ ಇಟ್ಟ ಮೇಲೆ, ಮದುವೆಗೆ ಹೊರಡುವ ಬೆಳಿಗ್ಗೆ ನಾನು ಮೊದಲು ಆಕಾಶ ನೋಡುತ್ತೇನೆ, ಆಮೇಲೆ ಕನ್ನಡಿ. ಅಕ್ಕೂರಿನ ಆ ಮದುವೆಯ ದಿನ ಆಕಾಶ ನೋಡಿದವಳು ಕನ್ನಡಿಯ ಹತ್ತಿರ ಹೋಗಲೇ ಇಲ್ಲ. ಬೆಟ್ಟಗಳ ಮೇಲೆ ಮೋಡ ಕವಿದುಕೊಂಡಿತ್ತು. ಛತ್ರದ ಮದುವೆಯಾಗಿದ್ದರೆ ಹೆದರುತ್ತಿರಲಿಲ್ಲ. ಇದು ಮನೆ ಮುಂದೆ ಚಪ್ಪರ ಹಾಕಿ ಮಾಡುವ ಮದುವೆ. ತೆಂಗಿನ ಗರಿ ಬಿಸಿಲು ತಡೆಯುತ್ತದೆ, ಮಳೆಯನ್ನಲ್ಲ.

ಹೆದರಿಕೆಗೆ ಇನ್ನೊಂದು ಕಾರಣವೂ ಇತ್ತು. ಹಿಂದಿನ ವಾರ ಮದುವೆ ಹುಡುಗಿ ಒಬ್ಬಳೇ ಸ್ಟುಡಿಯೋಗೆ ಬಂದಿದ್ದಳು.

"ಅಕ್ಕ, ಧಾರೆ ಫೋಟೋದಲ್ಲಿ ನಮ್ಮವ್ವ ಇರ್ಬೇಕು. ಎಂಗಾರ ಮಾಡಿ."

ಅವಳ ತಂದೆ ತೀರಿಕೊಂಡಿದ್ದರು. ಧಾರೆ ಎರೆಯುವುದು ಸೋದರಮಾವ ಮತ್ತು ಅವನ ಹೆಂಡತಿ. ಗಂಡನಿಲ್ಲದ ತಾಯಿ ಆ ಹೊತ್ತಿಗೆ ಎದುರು ಬರಕೂಡದು ಎಂದು ಹಿರಿಯರು ತೀರ್ಮಾನಿಸಿದ್ದರು. ಹುಡುಗಿ ಜಗಳವಾಡಿ ಸೋತಿದ್ದಳು. ತಾಯಿಯೇ ಅವಳ ಪರ ನಿಂತಿರಲಿಲ್ಲ. "ನಾಳೆ ನಿಂಗೇನಾರ ಆದ್ರೆ ನನ್ನಿಂದ್ಲೇ ಅಂತಾರೆ ಕಣವ್ವ, ಬುಡು" ಅಂದಿದ್ದರಂತೆ. ಕೇಳಿ ನನಗೆ ಮೈಯೆಲ್ಲ ಉರಿಯಿತು. ಉರಿದ ಭರದಲ್ಲಿ ಮಾತು ಕೊಟ್ಟುಬಿಟ್ಟೆ.

ನನ್ನ ಲೆಕ್ಕಾಚಾರ ಸುಲಭದ್ದು. ಚಪ್ಪರದ ಹಿಂದೆಯೇ ಮನೆ ಬಾಗಿಲು. ತಾಯಿ ಹೊಸಿಲ ಒಳಗೆ ನಿಂತರೆ ಸಾಕು, ಗಂಡು ಹೆಣ್ಣಿನ ನಡುವೆ ಅವರ ಮುಖ ಕಾಣುತ್ತದೆ, ಹಿರಿಯರಿಗೆ ಗೊತ್ತೂ ಆಗುವುದಿಲ್ಲ. ಮಳೆ ಅದನ್ನೆಲ್ಲ ಕೊಚ್ಚಿಕೊಂಡು ಹೋಯಿತು. ಮುಹೂರ್ತ ಹತ್ತಿರವಾದಾಗ ಚಪ್ಪರ ಒಂದು ಕಡೆ ಜಗ್ಗಿತು, ಕರೆಂಟೂ ಹೋಯಿತು. "ಲಗ್ನ ಮೀರ್ತದೆ, ಜಗಲಿಗೆ ನಡೀರಿ" ಎಂದು ಪುರೋಹಿತರು ಕೂಗಿದರು. ನೆಂಟರೆಲ್ಲ ಜಗಲಿಗೆ ಹತ್ತಿದರು. ನನಗೆ ಕಾಲಿಡಲು ಜಾಗವಿಲ್ಲ, ಹೊಸಿಲ ತುಂಬ ಜನ, ತಾಯಿ ಎಲ್ಲೂ ಇಲ್ಲ. ಅಂಗಳದಲ್ಲಿ ಕೊಡೆ ಹಿಡಿದು ಫ್ಲ್ಯಾಶ್ ಹೊಡೆದೆ. ಫೋಟೋದಲ್ಲಿ ಬಿದ್ದದ್ದು ಬರೀ ಮಳೆಹನಿ.

ತಿರುಗಿ ನೋಡಿದರೆ ಅಂಗಳದ ಆಚೆಗೆ, ಜಗಲಿಗೆ ನೇರ ಎದುರಾಗಿ, ರೇಷ್ಮೆಹುಳು ಸಾಕುವ ಮನೆ. ಅದರ ಕಿಟಕಿಯ ಹಿಂದೆ ಯಾರೋ ಅಲುಗಾಡಿದಂತಾಯಿತು. ಓಡಿದೆ.

"ಹೂವು, ಸೆಂಟು ಒಳೀಕೆ ಬ್ಯಾಡ ತಾಯಿ, ಹುಳ ಹಣ್ಣಾಗ್ತಾ ಅವೆ" ಎಂದು ಒಳಗಿನಿಂದ ತಾಯಿಯ ದನಿ ಬಂತು. ಮುಡಿದ ಮಲ್ಲಿಗೆ ಕಿತ್ತು ಎಸೆದೆ, ಬಾಗಿಲಲ್ಲಿದ್ದ ಔಷಧಿ ನೀರಿನಲ್ಲಿ ಕಾಲು ಅದ್ದಿದೆ. ಮಗಳ ಮದುವೆಗೆಂದು ತಂದ ಸೀರೆ ಉಟ್ಟುಕೊಂಡೇ ಅವರು ಹಣ್ಣಾದ ಹುಳ ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದರು. ನನ್ನ ಕೈಯಲ್ಲಿ ಕ್ಯಾಮೆರಾ ಕಂಡದ್ದೇ ಕಿಟಕಿಯಿಂದ ದೂರ ಸರಿದರು.

"ನಾನು ಅಡ್ಡ ಬತ್ತೀನಿ. ನೀವು ತಕ್ಕೊಳಿ."

ಕಿಟಕಿಗೆ ಊಜಿ ನೊಣ ಬರದಂತೆ ಮರದ ಪಟ್ಟಿ ಹೊಡೆದು ಪರದೆ ಬಿಗಿದಿದ್ದರು. ಕ್ಯಾಮೆರಾ ಪರದೆಯ ನೂಲನ್ನು ಹಿಡಿಯುತ್ತಿತ್ತೇ ಹೊರತು ಜಗಲಿಯನ್ನಲ್ಲ.

"ಪರದೆ ಎತ್ತಿ ಹಿಡೀಬೇಕಲ್ಲ ಅಮ್ಮ."

"ಊಜಿ ನುಗ್ಗಿದ್ರೆ ಹುಳ ಎಲ್ಲ ಹಾಳಾಯ್ತವೆ. ಈ ಪರ್ದೆ ಯಾರು ಕೇಳಿದ್ರೂ ತೆಗ್ದಿಲ್ಲ ನಾನು."

ಅಷ್ಟರಲ್ಲಿ ಗಟ್ಟಿಮೇಳ ಶುರುವಾಯಿತು. ಅವರು ಒಮ್ಮೆ ಹುಳುಗಳನ್ನು, ಒಮ್ಮೆ ಮಳೆಯನ್ನು ನೋಡಿದರು. "ಈ ಮಳೇಲಿ ನೊಣ ಆಡಾಕಿಲ್ಲ ಬುಡು" ಎಂದು ತಮಗೆ ತಾವೇ ಹೇಳಿಕೊಂಡು, ಪಟ್ಟಿ ಕಿತ್ತು ಪರದೆ ಮೇಲೆತ್ತಿದರು.

"ಇನ್ನೊಸಿ ಈ ಕಡೆ ಬನ್ನಿ ಅಮ್ಮ, ಪರದೆ ಜಾರ್ತಾ ಐತೆ."

ಜಾರುತ್ತಿರಲಿಲ್ಲ. ಸುಳ್ಳು ಹೇಳಿದೆ. ಅವರು ಬಂದರು. ಎತ್ತಿದ ಕೈ, ಅರ್ಧ ಮುಖ ಚೌಕಟ್ಟಿನೊಳಗೆ ಬಿದ್ದವು. ಫ್ಲ್ಯಾಶ್ ತೆಗೆದುಹಾಕಿ, ಕಿಟಕಿಯ ದಂಡೆಗೆ ಮೊಣಕೈ ಊರಿ ಉಸಿರು ಹಿಡಿದೆ. ಎದುರಿಗೆ ಸೋದರಮಾವ ಚೊಂಬು ಬಗ್ಗಿಸಿದ. ಆ ಮಬ್ಬಿನಲ್ಲಿ ಬೆಳ್ಳಗೆ ಕಂಡದ್ದು ಹಾಲಿನ ಧಾರೆಯೊಂದೇ. ಧಾರೆಯ ಹೊತ್ತಿಗೆ ಹೆಣ್ಣು ತಲೆ ತಗ್ಗಿಸಿರಬೇಕು. ಈ ಹುಡುಗಿ ತಲೆ ಎತ್ತಿದಳು, ನೇರ ಕಿಟಕಿಯತ್ತ ನೋಡಿದಳು. ಒತ್ತಿದೆ.

ಆಲ್ಬಂಗೆ ಫೋಟೋ ಆರಿಸಲು ತಾಯಿ ಮಗಳು ಒಟ್ಟಿಗೇ ಬಂದರು. ಕಂಪ್ಯೂಟರಿನಲ್ಲಿ ಆ ಫೋಟೋ ಬಂದಾಗ ತಾಯಿ ನಾಲಿಗೆ ಕಚ್ಚಿಕೊಂಡರು.

"ಅಯ್ಯೋ, ನನ್ ಕೈ ಅಡ್ಡ ಬಂದ್ಬುಟ್ಟೈತಲ್ಲ. ತೆಗ್ದಾಕಿ ತಾಯಿ."

"ನಾನು ನೋಡ್ತಾ ಇರೋದೇ ಅದ್ನ ಕಣವ್ವ" ಅಂದಳು ಮಗಳು.

ತಾಯಿ ಕುರ್ಚಿ ಎಳೆದುಕೊಂಡು ಹತ್ತಿರ ಕೂತು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ, "ಇದ್ನ ಒಸಿ ದೊಡ್ಡದು ಮಾಡ್ಕೊಡ್ತೀರಾ?" ಎಂದರು.