ಒಪ್ಪತ್ತಿನ ಸುಳ್ಳು

ದಾಂಡೇಲಿಯೊಳಗ ನಂದೊಂದು ಖಾನಾವಳಿ ಐತಿ. ಕಾಗದದ ಮಿಲ್ಲಿನವರು, ಗ್ಯಾರೇಜಿನವರು, ಲಾರಿ ಡ್ರೈವರು ಎಲ್ಲಾರೂ ಬರ್ತಾರ. ಹದಿನಾಲ್ಕು ವರ್ಷ ನಾ ಪಲ್ಯ ಮಾಡೂದು, ಆಪಾ ರೊಟ್ಟಿ ಬಡಿಯೂದು ನಡದಿತ್ತು. ಆಪಾ ನಮ್ಮ ಓಣಿಯ ಮುಸಲ್ಮಾನರಾಕಿ, ನನಗಿಂತ ಎರಡು ವರ್ಷ ದೊಡ್ಡಾಕಿ; ಅಕ್ಕ ಅನ್ನಾಕ ಅವರ ಮಾತಿನ್ಯಾಗ ಆಪಾ ಅಂತಾರ. ಆಕಿ ರೊಟ್ಟಿ ಬಡಿಯೂ ಸಪ್ಪಳ ಕೇಳಿದ್ರ ಸಾಕು, ಹೊರಗ ಕುಂತವರು ಕೈ ತೊಳಕೊಂಡು ಬರ್ತಿದ್ರು.

ಮಧ್ಯಾಹ್ನ ಮೂರಕ್ಕ ಮಂದಿ ಕರಗಿದ ಮ್ಯಾಲ ಹಿತ್ತಲ ಬಾಗಿಲಾಗ ಕುಂತು ನಾವಿಬ್ಬರೂ ಒಂದ ತಾಟಿನ್ಯಾಗ ಉಣ್ತಿದ್ವಿ. ಮೊದಲನೇ ದಿನ ತೊಳದ ತಾಟು ಒಂದ ಉಳದಿತ್ತು, ಅದಕ್ಕ ಹಂಗ ಕುಂತ್ವಿ. ಆಮ್ಯಾಲ ಅದ ರೂಢಿ ಆತು. ಆಕಿ ರೊಟ್ಟಿ ಮುರದು ನನ್ನ ಕಡೆ ಸರಸಾಕಿ, ನಾ ಪಲ್ಯ ಆಕಿ ಕಡೆ ಸರಸಾಕಿ. ಗಂಡ ತೀರಿಕೊಂಡ ಮ್ಯಾಲ ಆ ಮೂರು ಗಂಟೆ ಊಟಾನ ನನ್ನ ಸಂಸಾರ. ಮನಿಗೆ ಹೋದ್ರ ಮಾತಾಡಾಕ ಗ್ವಾಡಿ ಬಿಟ್ರ ಯಾರೂ ಇಲ್ಲ.

ನನ್ನ ಮೈ ಭಾರ ಆಗಿ ಮೊಣಕಾಲು ಕೈಕೊಟ್ಟಿದ್ವು. ಸಕ್ಕರಿ ಬ್ಯಾನಿ ಮೊದಲಿಂದಾನೂ ಇತ್ತು. ಧಾರವಾಡದ ಡಾಕ್ಟರು ತೂಕ ಇಳಸಾಕ ವಾರಕ್ಕೊಮ್ಮೆ ಹೊಟ್ಟಿಗೆ ಚುಚ್ಚಿಕೊಳ್ಳೂ ಇಂಜೆಕ್ಷನ್ ಬರದ್ರು. ಬಿಡಿಸಿ ಹೇಳಿದ್ರು ಪಾಪ. “ಹಸಿವು ಕಡಿಮಿ ಆಗ್ತೈತಿ, ಹೊಟ್ಟಿ ತೊಳಸ್ತೈತಿ. ಸ್ವಲ್ಪ ಸ್ವಲ್ಪ ಉಣ್ರಿ, ನೀರು ಕುಡೀರಿ. ವಾಂತಿ ನಿಲ್ಲಲಿಲ್ಲ, ಊಟ ಸೇರಲಿಲ್ಲ ಅಂದ್ರ ಫೋನ್ ಮಾಡ್ರಿ. ಸಕ್ಕರಿ ಗುಳಿಗಿ ಕಡಿಮಿ ಮಾಡಬೇಕಾಗ್ತೈತಿ, ಇಲ್ಲಾಂದ್ರ ಸಕ್ಕರಿ ಇಳದು ಬೀಳ್ತೀರಿ.” ಹೂನ್ರಿ ಹೂನ್ರಿ ಅಂದು ಬಂದೆ.

ಯಾರಿಗೂ ಹೇಳಲಿಲ್ಲ. ಹೆಂಗ ಹೇಳ್ಲಿ? ಖಾನಾವಳಿ ನಡಸಾಕಿ ತನ್ನ ಹಸಿವು ಸಾಯಸಾಕ ಸೂಜಿ ಚುಚ್ಕೊಂತಾಳ ಅಂದ್ರ ಮಂದಿ ಬಿದ್ದು ಬಿದ್ದು ನಗ್ತಿದ್ರು. ಮನಿ ಫ್ರಿಜ್ಜಿನ್ಯಾಗ, ಸೊಪ್ಪಿನ ಹಿಂದ, ಒಂದು ಡಬ್ಬಿಯೊಳಗ ಅದನ್ನ ಮುಚ್ಚಿಟ್ಟಿದ್ದೆ. ಆಪಾಗೂ ಹೇಳಲಿಲ್ಲ ನೋಡ್ರಿ. ಎಂಥಾ ಸೊಕ್ಕು ನಂದು!

ಡೋಸ್ ಏರಿಸಿದ ಮ್ಯಾಲ ಒಗ್ಗರಣಿ ವಾಸನಿ ಬಂದ್ರ ಹೊಟ್ಟಿ ತೊಳಸಾಕ ಹತ್ತಿತು. ಹುಳಿ ತೇಗು, ಮಲಬದ್ಧತಿ, ಬೆಳಿಗ್ಗೆ ಎದ್ರ ವಾಂತಿ. ಉಪ್ಪಿನ ಹದ ತಿಳೀದ ಒಂದಿನ ಝುಣಕಕ್ಕ ಎರಡು ಸಲ ಉಪ್ಪು ಹಾಕಿದೆ. ಫೋನ್ ಮಾಡಬೇಕಿತ್ತು, ಮಾಡಲಿಲ್ಲ. ತೂಕ ಇಳದಿತ್ತಲ್ಲ! ರವಿಕಿ ಸಡ್ಲಾಗಿದ್ವು. ಫೋನ್ ಮಾಡಿದ್ರ ಎಲ್ಲಿ ಬಿಡಸಿಬಿಡ್ತಾರೋ ಅಂತ ಹೆದರಿಕಿ.

ಮೂರು ಗಂಟೆ ಊಟಕ್ಕ ಏನು ನೆವ ಹೇಳೂದು? “ಇವತ್ತು ಸೋಮವಾರ ಆಪಾ, ನಂದು ಒಪ್ಪತ್ತು” ಅಂದೆ. ದೇವರ ಹೆಸರಿಲೆ ಒಂದ ಹೊತ್ತು ಉಣ್ಣಾಕಿಗೆ ನಮ್ಮ ಕಡೆ ಯಾರೂ ಒತ್ತಾಯ ಮಾಡೂದಿಲ್ಲ. ಅಷ್ಟ ಸಾಕಾಗಿತ್ತು ನನಗ. ಆಮ್ಯಾಲ ಗುರುವಾರ ಒಪ್ಪತ್ತು, ಶನಿವಾರ ಒಪ್ಪತ್ತು, ಸಂಕಷ್ಟಿ, ಏಕಾದಶಿ. ಉಳಿದ ದಿನ ಯಾವುದಾರ ಒಂದು ಹರಕಿ. ಗಿರಾಕಿಗಳು “ಭಾಳ ಭಕ್ತಿ ಬಂದೈತಿ ಬಿಡ್ರಿ ನಿಮಗ” ಅಂತಿದ್ರು. ನಾ ತಲಿ ತಗ್ಗಿಸಿ ನಗ್ತಿದ್ದೆ.

ಆಪಾ ಏನೂ ಕೇಳಲಿಲ್ಲ. ನಾಕೈದು ದಿನ ಒಬ್ಬಾಕೀನ ಉಂಡ್ಲು. ಆಮ್ಯಾಲ ಮನಿಯಿಂದ ಡಬ್ಬಿ ತರಾಕ ಹತ್ತಿದ್ಲು. ಹಿತ್ತಲ ನೀರಿನ ಟಾಕಿ ಕಡೆ ಬೆನ್ನು ತಿರುಗಿಸಿ ಕುಂತು ಉಂಡು, ತನ್ನ ಲೋಟ ತಾನ ತೊಳದು ಬ್ಯಾರೆ ಕಡೆ ಡಬ್ಬ ಹಾಕಿ ಇಡ್ತಿದ್ಲು. ಅದನ್ನ ನಾ ಕಣ್ಣಾರೆ ಕಂಡೆ. ಕಂಡು ಏನಂದ್ಕೊಂಡೆ ಗೊತ್ತೇನು? ಸದ್ಯ, ವಾಸನಿ ದೂರ ಹೋತು ಅಂದ್ಕೊಂಡೆ. ನನ್ನ ಬಾಯಾಗ ಮಣ್ಣು ಬೀಳ್ಲಿ.

ಒಂದು ಗುರುವಾರ ಅರ್ಧ ಕಪ್ ಚಾ ಕುಡದು, ಸಕ್ಕರಿ ಗುಳಿಗಿ ಮಾತ್ರ ತಪ್ಪದ ನುಂಗಿ ಒಲಿ ಮುಂದ ನಿಂತೆ. ಹನ್ನೊಂದರ ಸುಮಾರಿಗೆ ಕೈ ನಡುಗಿ, ಮೈಯೆಲ್ಲಾ ಬೆವತು, ಕಣ್ಣಿಗೆ ಕತ್ತಲಿ ಬಂತು. ಆಪಾ ಹಿಟ್ಟಿನ ಕೈಲೇ ಓಡಿ ಬಂದು ಹಿಡದ್ಲು. ಬೆಲ್ಲದ ನೀರು ಬಾಯಿಗೆ ಹಿಡದು “ನುಂಗ, ನುಂಗ ಅಂತೇನಿ” ಅಂತ ಬೈದ್ಲು. ಆಟೋದಾಗ ಹಾಕ್ಕೊಂಡು ದವಾಖಾನಿಗೆ ಒಯ್ದ್ಲು.

ಅಲ್ಲಿ ಡಾಕ್ಟರು ಏನು ಉಂಡಿದ್ರು ಅಂತ ಕೇಳಿದ್ರ, ಆಪಾ ಹೇಳಿದ್ಲು: “ದಿನಾ ಒಪ್ಪತ್ತು ಮಾಡ್ತಾಳ್ರಿ. ಎರಡು ತಿಂಗಳಾತು, ಭಾಳ ಮಡಿ ಆಗ್ಯಾಳ.”

ಕೈಗೆ ಸಲೈನ್ ಹಚ್ಚಿದ್ರು, ನಾ ಮಲಗಿದಲ್ಲೇ ಎಲ್ಲಾ ಹೇಳಿದೆ. ಡಾಕ್ಟರು ಸಕ್ಕರಿ ಪೂರ್ತಿ ಇಳದೈತಿ, ವಾಂತಿಯಿಂದ ಮೈಯಾಗ ನೀರು ಉಳದಿಲ್ಲ, ಹಿಂಗ ಇನ್ನಷ್ಟು ದಿನ ಬಿಟ್ಟಿದ್ರ ಕಿಡ್ನಿಗೆ ಪೆಟ್ಟು ಬೀಳ್ತಿತ್ತು ಅಂದ್ರು. ಧಾರವಾಡಕ್ಕ ಫೋನ್ ಹಚ್ಚಿ ಮಾತಾಡಿ, ಸದ್ಯಕ್ಕ ಇಂಜೆಕ್ಷನ್ ನಿಲ್ಲಿಸಿದ್ರು, ಗುಳಿಗಿ ಅರ್ಧ ಮಾಡಿದ್ರು. “ಔಷಧಕ್ಕಿಂತ ಮುಚ್ಚಿಟ್ಟದ್ದ ನಿಮಗ ಹೆಚ್ಚು ಕಾಡೇತಿ” ಅಂದು ಹೋದ್ರು.

ಆಪಾ ನನ್ನ ಹಾಸಿಗಿ ಅಂಚಿಗೆ ಕುಂತು ಸಣ್ಣ ದನಿಯಾಗ ಅಂದ್ಲು: “ನನ್ನ ಸಂಗಾಟ ಉಣ್ಣಾಕ ನಿನಗ ಹೇಸಿಗಿ ಬಂದೈತಿ ಅಂದ್ಕೊಂಡಿದ್ದೆ ತಂಗಿ. ಅದಕ್ಕ ನನ್ನ ಲೋಟ ಬ್ಯಾರೆ ಇಟ್ಟೆ.”

ನಾ ಅತ್ತುಬಿಟ್ಟೆ. ಆಕಿ ನನ್ನ ಕಣ್ಣು ಒರಸಿದ್ಲು, ಅಳಬ್ಯಾಡ ಅಂದ್ಲು. ಆದ್ರ ಆ ಎರಡು ತಿಂಗಳಾಗ ಆಕಿ ಹಳಿಯಾಳದ ಕಡೆ ಸಾಂಬ್ರಾಣಿ ಅನ್ನೂ ಊರಾಗಿನ ಮಗಳಿಗೆ, ಅಲ್ಲೇ ಇರಾಕ ಬರ್ತೇನಿ ಅಂತ ಮಾತು ಕೊಟ್ಟಾಗಿತ್ತು. ಆ ತಿಂಗಳು ಮುಗಿಸಿ ಹೋದ್ಲು.

ಈಗ ರೊಟ್ಟಿ ಬ್ಯಾರೆ ಕಡೆಯಿಂದ ತರಸ್ತೇನಿ. ಹಸಿವು ಪೂರಾ ತಿರುಗಿ ಬಂದೈತಿ, ಹಾಳಾದ್ದು ಮೂರು ಗಂಟೆಗೇ ಬರ್ತೈತಿ. ಒಬ್ಬಾಕೀನ ಕುಂತ್ರ ಅರ್ಧ ರೊಟ್ಟಿ ತಾಟಿನ್ಯಾಗ ಹಂಗ ಉಳೀತೈತಿ.

ತಡೀಲಾರದ, ಹೋದ ವಾರ ಹಳಿಯಾಳದ ಬಸ್ ಹಿಡದು ಸಾಂಬ್ರಾಣಿಗೆ ಹೋದೆ. ನನ್ನ ನೋಡಿ ಆಪಾ ಖುಷಿ ಆಗಿ ಬಿಸಿ ರೊಟ್ಟಿ ಬಡದ್ಲು. ಒಳಗಿಂದ ಎರಡು ತಾಟು ತಂದು ಒಂದು ನನ್ನ ಮುಂದ, ಒಂದು ತನ್ನ ಮುಂದ ಇಟ್ಲು.

“ಒಂದ ಸಾಕಾಗ್ತಿತ್ತಲ್ಲ ಆಪಾ” ಅಂದೆ.

“ಇರ್ಲಿ ತಂಗಿ, ನಿನಗ ಯಾವಾಗ ಒಪ್ಪತ್ತು ಬರ್ತೈತೋ ಏನೋ” ಅಂದು ನಕ್ಲು.

ನಾನೂ ನಕ್ಕೆ. ತಾಟು ತುಂಬ ಬಡಸಿದ್ಲು, ಹೊಟ್ಟಿ ತುಂಬ ಉಂಡೆ. ಆದ್ರ ಒಂದ ಸಲಾನೂ ಆಕಿ ರೊಟ್ಟಿ ಮುರದು ನನ್ನ ಕಡೆ ಸರಸಲಿಲ್ಲ.