ಸುಶೀಲೇಂದ್ರ ಅಳಿಸಿದ ಗೆರೆ

ಸುಶೀಲೇಂದ್ರನಷ್ಟು ಪುಕ್ಕಲ ಮನುಷ್ಯನನ್ನು ನಾನು ನೋಡಿಲ್ಲ. ಅಂಗಡಿಯ ಬೀಗವನ್ನು ಮೂರು ಸಲ ಜಗ್ಗಿ ನೋಡುತ್ತಾನೆ, ಮೆಟ್ಟಿಲಿಳಿದ ಮೇಲೆ ಮತ್ತೆ ಹತ್ತಿ ನಾಲ್ಕನೆಯ ಸಲ ಜಗ್ಗುತ್ತಾನೆ. ಹನ್ನೊಂದು ವರ್ಷದಿಂದ ನನ್ನ ಜೊತೆ ಇದ್ದಾನೆ. ಅಷ್ಟೂ ವರ್ಷ ನಾನು ಅವನನ್ನು ಕಾಡಿಸಿದ್ದೇನೆ. ವಿಜಯಪುರದ ಸ್ಟೇಶನ್ ರಸ್ತೆಯಲ್ಲಿ, ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಮ್ಮ ಕೆಲಸ. ಸುತ್ತಲಿನ ಊರಿನ ದವಾಖಾನೆಗಳ ಕೆಟ್ಟ ಯಂತ್ರಗಳು ನಮ್ಮಲ್ಲಿಗೆ ಬರುತ್ತವೆ. ವ್ಯವಹಾರ ನನ್ನದು, ದುರಸ್ತಿ ಅವನದು.

ಹೆಚ್ಚಾಗಿ ಬರುವುದು ಮಾನಿಟರ್. ರೋಗಿಯ ಎದೆಗೆ ತಂತಿ ಅಂಟಿಸಿದರೆ ಗುಂಡಿಗೆಯ ಬಡಿತವನ್ನು ಹಸಿರು ಗೆರೆಯಾಗಿ ತೋರಿಸುತ್ತದೆ, ಬಡಿತ ನಿಂತರೆ ಕೂಗಿಕೊಳ್ಳುತ್ತದೆ. ಅದನ್ನು ಪರೀಕ್ಷಿಸಲು ನಾವು ರೋಗಿಯನ್ನು ಎಲ್ಲಿಂದ ತರೋಣ? ಅದಕ್ಕೇ ಒಂದು ಸಿಗ್ನಲ್ ಜನರೇಟರ್ ಇಟ್ಟಿದ್ದೇವೆ. ಅದರೊಳಗೆ ಯಾವ ಆಕಾರದ ಅಲೆ ಬಿಡಿಸಿದರೂ ಅದನ್ನೇ ವಿದ್ಯುತ್ತಾಗಿ ಹೊರಗೆ ಬಿಡುತ್ತದೆ. ಸುಶೀಲೇಂದ್ರ ಅದರಲ್ಲಿ ಗುಂಡಿಗೆ ಬಡಿತ ಬಿಡಿಸಿದ್ದ. ನಾಬ್ ತಿರುವಿ ತಿರುವಿ ಒಂದೊಂದೇ ಚುಕ್ಕೆಯನ್ನು ಏರಿಸಿ, ಇಳಿಸಿ, ಹದಿನೈದು ದಿನ ಕೂತಿದ್ದ. ಮೊದಲು ಸಣ್ಣ ಉಬ್ಬು, ಆಮೇಲೆ ಚೂಪಾದ ಗೋಪುರ, ಅದರ ಹಿಂದೆ ದುಂಡನೆಯ ಏರು. ಇಂಥ ನಲವತ್ತು ಬಡಿತ, ಕೊನೆಗೆ ಹದಿನೈದು ಸೆಕೆಂಡು ಸಪಾಟು ಗೆರೆ. ಅದು ನಿಂತ ಗುಂಡಿಗೆ. ಅಲ್ಲಿ ಮಾನಿಟರ್ ಕೂಗಲೇಬೇಕು, ಕೂಗದಿದ್ದರೆ ಅಂಗಡಿಯ ಹೊಸ್ತಿಲು ದಾಟುವಂತಿಲ್ಲ.

ಆ ಹದಿನೈದು ಸೆಕೆಂಡು ಅವನು ಪರದೆಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಅವನ ತಾಯಿ ತೀರಿಕೊಂಡದ್ದು ಇಂಥದೇ ಗೆರೆಯ ಮುಂದೆ. ಕಣ್ಣಿಂದ ನೋಡಲಾರ, ಕಿವಿಗೊಟ್ಟು ಕೇಳುತ್ತಿದ್ದ. ನಾನು ಅದಕ್ಕೂ ನಗುತ್ತಿದ್ದೆ.

ಹೋದ ವರ್ಷ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ, ದಿನ ಜನರೇಟರಿಗೆ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ, ದುರಸ್ತಿ ಮುಗಿದ ಮಾನಿಟರ್ ಒಂದನ್ನು ಅದಕ್ಕೆ ಜೋಡಿಸಿ ಆರತಿ ಶುರುವಾಗುವ ಹೊತ್ತಿಗೆ ಎರಡನ್ನೂ ಚಾಲೂ ಮಾಡಿದ್ದೆವು. ಪೂಜೆಯ ದಿನ ಯಂತ್ರ ನಡೆಯುತ್ತಿರಬೇಕು ಎಂಬುದು ನಮ್ಮ ಪದ್ಧತಿ. ನನ್ನ ತಾಯಿ ಸಖೂಬಾಯಿ ಗಂಟೆ ಬಾರಿಸುತ್ತ ಆರತಿ ಎತ್ತಿದಳು. ಸರಿಯಾಗಿ ಅದೇ ಹೊತ್ತಿಗೆ ಪರದೆಯ ಮೇಲೆ ಗೆರೆ ಮಲಗಿತು.

"ಸುಶೀ, ದೇವರ ಮುಂದ ಇದೇನೋ ಹೆಣದ ಗೆರಿ? ತಗಿ ಅದನ್ನ," ಎಂದಳು ಅವ್ವ.

ಅವನು ದೇವರಿಗೂ ಹೆದರುವವನು, ಅವ್ವನಿಗೂ ಹೆದರುವವನು. ಎಡಿಟ್ ಗುಂಡಿ ಒತ್ತಿ, ಮೊದಲಿನ ಬಡಿತಗಳನ್ನೇ ನಕಲು ಮಾಡಿ ಸಪಾಟು ಗೆರೆಯ ಮೇಲೆಲ್ಲ ತುಂಬಿಸಿಬಿಟ್ಟ. ಆರತಿ ಸುಸೂತ್ರ ಮುಗಿಯಿತು.

ಅಷ್ಟರಲ್ಲಿ ತಿಕೋಟಾದ ಸಣ್ಣ ದವಾಖಾನೆಯೊಂದರಿಂದ ಮಾನಿಟರ್ ಒಯ್ಯಲು ಜನ ಬಂದರು, ಪೂಜೆಗಿಟ್ಟದ್ದು ಅವರದೇ. ನಾಳೆ ಕೊಡೋಣ, ಒಂದು ಪರೀಕ್ಷೆ ಬಾಕಿ ಇದೆ ಎಂದು ಸುಶೀಲೇಂದ್ರ ಗೊಣಗಿದ. "ಬಡಿತ ಸರಿ ಎಣಸ್ಲಿಕ್ಕತ್ತದಲ್ಲೋ, ಇನ್ನೇನು ನಿಂದು?" ಎಂದು ರೇಗಿ, 'ಪಾಸ್' ಚೀಟಿ ಅಂಟಿಸಿ ಕಳಿಸಿದವನು ನಾನೇ.

ಊಟಕ್ಕೆ ಕೂತಾಗ ಹೋಳಿಗೆಯ ತುತ್ತು ಅವನ ಕೈಯಲ್ಲೇ ನಿಂತಿತು.

"ಅನೂಪ, ಆರತಿ ಹೊತ್ತಿನ್ಯಾಗ ಗೆರಿ ಮಲಗಿತ್ತಲ್ಲ. ಆಗ ಮಾನಿಟರ್ ಒದರಿತ್ತೇನು?"

ನನಗೆ ನೆನಪಾಗಲಿಲ್ಲ. ಗಂಟೆಯ ಸದ್ದೊಂದೇ ನೆನಪು. ದವಾಖಾನೆಗೆ ಫೋನ್ ಮಾಡಿದೆ. ನರ್ಸ್ ಸುವರ್ಣಾ ಎತ್ತಿದಳು. ಮಾನಿಟರ್ ಆಗಲೇ ಘೋಣಸಗಿಯ ಮುದುಕಿಯೊಬ್ಬಳಿಗೆ ಹಚ್ಚಿ ಆಗಿತ್ತು. ಗುಂಡಿಗೆ ನಿಂತು ನಿಂತು ನಡೆಯುತ್ತಿದೆಯಂತೆ.

"ಸುಮ್ಮನಿರು, ಒದರಿರ್ತದ. ಈಗ ಹೇಳಿದ್ರ ನಮ್ಮ ಹೆಸರು ಕೆಡ್ತದ," ಎಂದೆ. ನಾಚಿಕೆಯಾಗುತ್ತದೆ, ಆದರೂ ಹಾಗೆ ಅಂದದ್ದು ಹೌದು.

"ಕೆಡಲಿ," ಎಂದು ಅವನು ಕೈ ತೊಳೆದುಕೊಂಡ. ಹೂ ಸರಿಸಿ, ತುಂಬಿಸಿದ ಬಡಿತಗಳನ್ನು ಅಳಿಸತೊಡಗಿದ. ಅವಸರಕ್ಕೆ ಚುಕ್ಕೆಗಳು ಎಲ್ಲೆಲ್ಲೋ ಹಾರುತ್ತಿದ್ದವು. ಗೆರೆ ಮತ್ತೆ ಮಲಗಿದ ಮೇಲೆ ಜನರೇಟರನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಸ್ಕೂಟರಿನ ಹಿಂದೆ ಕೂತ.

ದವಾಖಾನೆಯ ಮಂಚದ ಮೇಲಿದ್ದ ಮುದುಕಿಯ ಹೆಸರು ಸಕ್ರವ್ವ. ಪಕ್ಕದಲ್ಲಿ ಕುರಿ ಕಾಯುವ ಮಗ ಅಮೋಘಿ ಕಂಬಳಿ ಹೆಗಲಿಗೆ ಹಾಕಿ ಕೂತಿದ್ದ, ಕಣ್ಣೆಲ್ಲ ಪರದೆಯ ಮೇಲೆ. ವಿಷಯ ಕೇಳಿ ಡಾಕ್ಟರ್ ಬೈದರು, ಆದರೂ ಪರೀಕ್ಷೆಗೆ ಒಂದು ನಿಮಿಷ ಕೊಟ್ಟರು. ಸುವರ್ಣಾ ಮುದುಕಿಯ ನಾಡಿ ಹಿಡಿದಳು. ಸುಶೀಲೇಂದ್ರ ತಂತಿಗಳನ್ನು ಜನರೇಟರಿಗೆ ಸಿಕ್ಕಿಸಿ, ನಲವತ್ತು ಬಡಿತ ಎಣಿಸಿ, ಅಭ್ಯಾಸದಂತೆ ಬೆನ್ನು ತಿರುಗಿಸಿದ.

ಏನೂ ಕೇಳಿಸಲಿಲ್ಲ. ಐದು ಸೆಕೆಂಡು. ಹತ್ತು. ಫ್ಯಾನಿನ ಸದ್ದು ಮಾತ್ರ. ಅವನು ಮೆಲ್ಲಗೆ ತಿರುಗಿ, ನಾನು ಕಂಡಂತೆ ಮೊದಲ ಸಲ, ಮಾನಿಟರಿನ ಮೇಲೆ ಆ ಗೆರೆಯನ್ನು ಕಣ್ಣಾರೆ ನೋಡಿದ.

"ಕೆಟ್ಟದ್ರಿ," ಎಂದ. "ನಾನ ಕೆಡಿಸೇನಿ. ಒದರೂ ಗಂಟಿಯ ತಂತಿ ಜೋಡಸ್ಲಿಕ್ಕೆ ಮರತಿರಬೇಕು."

ಅಮೋಘಿ ಎದ್ದು ನಿಂತ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿಲ್ಲ. "ಮತ್ತ ನಮ್ಮವ್ವನ ಮ್ಯಾಲೆ ಈಗ ಯಾರ ಕಣ್ಣ ಐತ್ರಿ?" ಎಂದ.

ನೀವು ದುರಸ್ತಿ ಮಾಡಿದ ಯಂತ್ರವನ್ನು ಇನ್ನು ನಂಬಲಾರೆ ಎಂದು ಡಾಕ್ಟರ್ ಮುದುಕಿಯನ್ನು ವಿಜಯಪುರಕ್ಕೆ ಕಳಿಸಲು ಆಂಬ್ಯುಲೆನ್ಸ್ ಕರೆಸಿದರು. ಅದರಲ್ಲಿ ಮಾನಿಟರ್ ಇರಲಿಲ್ಲ. ಸುವರ್ಣಾ ತಲೆಯ ಕಡೆ ಆಮ್ಲಜನಕದ ಮುಖವಾಡ ಹಿಡಿದು ಕೂತಳು. ಅಮೋಘಿ ಸುಶೀಲೇಂದ್ರನ ರಟ್ಟೆ ಹಿಡಿದು ಒಳಗೆ ಎಳೆದ. "ನಾಡಿ ನೀವ ಹಿಡೀರಿ. ಕೆಡಿಸಿದಾವ್ರು ನೀವ." ನಾನೂ ಒಂದು ಮೂಲೆಯಲ್ಲಿ ತೂರಿಕೊಂಡೆ.

ಅವನು ಎರಡು ಬೆರಳು ಇಟ್ಟು ತುಟಿಯಲ್ಲೇ ಎಣಿಸುತ್ತಿದ್ದ. ವಿಜಯಪುರಕ್ಕೆ ಮುಂಚೆ ಸಿಗುವ ತೊರವಿ ಇನ್ನೂ ದೂರವಿತ್ತು. ಗಾಡಿ ತಗ್ಗಿನಲ್ಲಿ ಎತ್ತಿಹಾಕಿತು, ಎಣಿಕೆ ನಿಂತಿತು. ಬೆರಳು ಸರಿಸಿ ನೋಡಿದ, ಒತ್ತಿ ನೋಡಿದ.

"ಅನೂಪ, ನಾಡಿ ಸಿಗವಲ್ತು."

ಅಮೋಘಿ "ಯವ್ವಾ" ಎಂದ. ಸುವರ್ಣಾ ಬಗ್ಗಿದಳು. ಸಕ್ರವ್ವ ಕಣ್ಣು ತೆರೆದು ಮುಖವಾಡವನ್ನು ಪಕ್ಕಕ್ಕೆ ಸರಿಸಿದಳು.

"ಯಾರ ಕೈಯೋ ತಮ್ಮಾ ಇದು, ಇಷ್ಟ್ಯಾಕ ನಡಗಾಕತ್ತೈತಿ? ನನ್ನ ನಾಡಿ ನೋಡಾಕತ್ತೀಯೋ, ನಿಂದು ನೋಡಾಕತ್ತೀಯೋ?"

ಸುಶೀಲೇಂದ್ರ ಅತ್ತುಬಿಟ್ಟ. ಆದರೆ ಕೈ ಬಿಡಲಿಲ್ಲ. "ನನ್ನ ಕೈ ನಂಬಬ್ಯಾಡ್ರಿ ಯವ್ವಾ. ನೀವು ಮಾತಾಡ್ಕೋತ ಇರ್ರಿ. ವಿಜಯಪುರ ಬರೂತನಕಾ ನಿಲ್ಲಿಸಬ್ಯಾಡ್ರಿ."

"ಏನ ಮಾತಾಡ್ಲಿ?"

"ನಿಮ್ಮ ಕುರಿ ಬಗ್ಗೆ ಹೇಳ್ರಿ."

ಸುವರ್ಣಾ ಮುಖವಾಡವನ್ನು ಒಮ್ಮೆ ಹಿಡಿಯುತ್ತ, ಒಮ್ಮೆ ಸರಿಸುತ್ತ ಇದ್ದಳು. ಸಕ್ರವ್ವ ಹೇಳತೊಡಗಿದಳು. ಅವಳಿ ಮರಿ ಹಾಕಿದ ಕರಿ ಕುರಿ, ಬಾವಿಗೆ ಬಿದ್ದು ಬದುಕಿದ ಟಗರು, ಯಾರ ಮಾತೂ ಕೇಳದ ಕುಂಟ ಕುರಿ. ನಾಲ್ಕು ಮಾತಿಗೊಮ್ಮೆ ಉಸಿರು ಸಾಲದೆ ನಿಲ್ಲುತ್ತಿದ್ದಳು. ಸುಶೀಲೇಂದ್ರ ಅವಳ ಮುಖದ ಮೇಲಿಟ್ಟ ಕಣ್ಣನ್ನು ಸರಿಸದೆ, ಪ್ರತಿ ಸಲವೂ ಕೇಳುತ್ತಿದ್ದ: "ಆಮ್ಯಾಲ?"