ಮಸ್ಕತ್ತಿನಲ್ಲಿ ಅಪ್ಪನ ವೇಷ

ನನ್ನ ಅಪ್ಪ ಯಾರು ಎಂಬುದನ್ನು ನಾನು ಮುಚ್ಚಿಟ್ಟೆ. ಒಂದೇ ಸಂಜೆ ಎರಡು ಸಲ, ಅವರ ಕಣ್ಣೆದುರಿಗೇ. ಎಷ್ಟೋ ವರ್ಷಗಳಾದವು — ಇನ್ನೂ ಹೇಳದಿದ್ದರೆ ನಾನು ಮನುಷ್ಯಳೇ ಅಲ್ಲ.

ಅಪ್ಪ ಯಕ್ಷಗಾನ ಮೇಳದಲ್ಲಿ ಸ್ತ್ರೀವೇಷ ಹಾಕುತ್ತಿದ್ದವರು. ದ್ರೌಪದಿ, ಸುಭದ್ರೆ, ದಮಯಂತಿ... ಶಾಲೆಯಲ್ಲಿ ಹುಡುಗರು "ಹೆಣ್ಣುವೇಷದವನ ಮಗಳು" ಎಂದು ಸೊಂಟ ಕುಣಿಸಿ ಅಣಕಿಸುತ್ತಿದ್ದರು. ಮದುವೆಯಾಗಿ ಮಸ್ಕತ್ತಿಗೆ ಬಂದಾಗ, ಅಬ್ಬ, ಇಲ್ಲಿ ಯಾರಿಗೂ ಗೊತ್ತಿಲ್ಲ ಎಂದು ನಿಟ್ಟುಸಿರು ಬಿಟ್ಟಿದ್ದೆ.

ಎಂಬತ್ತರ ದಶಕದ ಕೊನೆಗೆ ಅಪ್ಪ ಮೇಳ ಬಿಟ್ಟರು. ವಿಸಿಟ್ ವೀಸಾದಲ್ಲಿ ಎರಡು ತಿಂಗಳಿಗೆಂದು ಮಸ್ಕತ್ತಿನ ರೂವಿ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಬಂದರು. ಆಗಲೇ ನನ್ನ ಗಂಡನ ಮ್ಯಾನೇಜರ್, ಫ್ರಾನ್ಸಿನವನು, ಆಫೀಸಿನವರನ್ನೆಲ್ಲ ಮನೆಗೆ ಚಹಾಕ್ಕೆ ಕರೆದ. ಅಪ್ಪನನ್ನು ಒಬ್ಬರೇ ಬಿಟ್ಟು ಹೋಗುವುದು ಹೇಗೆ? ಕರೆದುಕೊಂಡು ಹೋದೆವು. ಬಾಗಿಲಲ್ಲೇ ಅಪ್ಪನನ್ನು ತೋರಿಸಿ ಹೇಳಿಬಿಟ್ಟೆ — "ರಿಟೈರ್ಡ್ ಟೀಚರ್." ಗಂಡ ನನ್ನ ಮುಖ ನೋಡಿದರು. ಅಪ್ಪ ಕೈಮುಗಿದು ನಕ್ಕರು.

ಒಳಗೆ ಗೋಡೆಯ ಮೇಲೊಂದು ಹಳೆಯ ಚಿತ್ರ. ನೂರು ವರ್ಷದ ಹಿಂದೆ ಪ್ಯಾರಿಸಿನಲ್ಲಿ ಅಚ್ಚಾದದ್ದಂತೆ — ಕ್ಯಾಬರೆಯ ಪರದೆಯ ಹಿಂದಿನ ಕೋಣೆ. ಅರೆಬರೆ ಬಟ್ಟೆಯ ಕುಣಿಯುವವಳು, ಅವಳ ಬೆನ್ನಿನ ದಾರ ಬಿಗಿಯುವ ಮುದುಕಿ, ಕುರ್ಚಿಯಲ್ಲಿ ಬಾಯ್ತೆರೆದು ಮಲಗಿದ ಬಣ್ಣದ ಮುಖದ ಕೋಡಂಗಿ.

"ಥೂ, ಇಂಥಾದ್ದನ್ನ ಹಾಲ್‌ನಲ್ಲಿ ಹಾಕ್ಕೊಂಡಿದಾರಲ್ರೀ!" ಎಂದು ಮೈಸೂರಿನ ಇಂಜಿನಿಯರರ ಹೆಂಡತಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ನಾನೂ ಮೂಗು ಮುರಿದೆ.

ಅಪ್ಪ ಮಾತ್ರ ಚಿತ್ರದ ಮುಂದಿನಿಂದ ಕದಲಲಿಲ್ಲ. "ಹೋಯ್, ಇದು ನಮ್ಮ ಚೌಕಿಯೇ ಮಾರಾಯ್ತಿ!" ಎಂದರು. ಮೇಳದವರು ಬಣ್ಣ ಹಚ್ಚುವ ಜಾಗಕ್ಕೆ ಹೇಳುವುದು ಹಾಗೆ. "ನೋಡು, ಬಣ್ಣ ಹಚ್ಚಿಕೊಂಡೇ ಇವ ನಿದ್ದೆ ಹೊಡೀತಾ ಇದ್ದಾನೆ. ಇವಳಿಗೆ ಈಗ ಪ್ರವೇಶ ಉಂಟು — ಕಿವಿ ಎಲ್ಲ ಆಚೆ ರಂಗದ ಕಡೆಗೇ!"

ಏನೆಂದು ಮ್ಯಾನೇಜರನ ಹೆಂಡತಿ ಕೇಳಿದಳು. ನಾನು ತಡವರಿಸುತ್ತಿದ್ದಂತೆ ಅಪ್ಪ ನನ್ನ ಹೆಗಲಿನ ಶಾಲು ಎಳೆದು ಸೊಂಟಕ್ಕೆ ಸಿಕ್ಕಿಸಿ ಚಿತ್ರದ ಕೆಳಗೆ ಕೂತೇಬಿಟ್ಟರು. ಇಲ್ಲದ ಕನ್ನಡಿ ಹಿಡಿದರು. ಇಲ್ಲದ ಮುಡಿ ಕಟ್ಟಿದರು, ಹುಬ್ಬು ತೀಡಿದರು. ಎದ್ದು ಎರಡು ಹೆಜ್ಜೆ ಇಟ್ಟು ತಿರುಗಿದಾಗ — ದೇವರಾಣೆ — ಆ ಬೋಳುತಲೆಯ ಅರವತ್ತರ ಗಂಡಸು ಅಲ್ಲಿರಲಿಲ್ಲ. ದಮಯಂತಿ ನಿಂತಿದ್ದಳು.

"ಇದನ್ನೆಲ್ಲ ಇವರು ಎಲ್ಲಿ ಕಲಿತರು?" ಮ್ಯಾನೇಜರನ ಹೆಂಡತಿ ನನ್ನನ್ನೇ ಕೇಳಿದಳು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿತ್ತೇ? ಆದರೂ ನನ್ನ ಈ ಬಾಯಿ — ಮೈಸೂರಿನವರ ಕಡೆ ಒಮ್ಮೆ ನೋಡಿ, "ಜಸ್ಟ್ ಎ ಹಾಬಿ" ಅಂದೆ.

ಅಪ್ಪನಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಆದರೆ ಆ ಪದ ಗೊತ್ತಿತ್ತು.

"ನೋ ಹಾಬಿ," ಎಂದರು, ಶಾಲು ಬಿಚ್ಚದೆ. ಮೈಕಿಲ್ಲದೆ ಬಯಲಿನ ಕೊನೆಗೂ ಕೇಳಿಸುತ್ತಿದ್ದ ದನಿ ಅದು. "ಮೈ ವರ್ಕ್. ಥರ್ಟಿ ಇಯರ್. ಮೈ ಡಾಟರ್ ಬಿ.ಎಸ್ಸಿ. — ದಿಸ್ ವರ್ಕ್!"

ಇಡೀ ಕೋಣೆ ಎದ್ದು ನಿಂತಿತು. ಚಪ್ಪಾಳೆಯೋ ಚಪ್ಪಾಳೆ! ಮೈಸೂರಿನವರು ಕಣ್ಣೊರೆಸಿಕೊಂಡು ಬಂದು ಅಪ್ಪನ ಕಾಲು ಮುಟ್ಟಿ ನಮಸ್ಕರಿಸಿದರು. ಮ್ಯಾನೇಜರ್ ಎರಡೂ ಕೈಯಿಂದ ಅಪ್ಪನ ಕೈ ಹಿಡಿದು ಕುಲುಕಿದ್ದೇ ಕುಲುಕಿದ್ದು. ಗೆದ್ದರು ನನ್ನಪ್ಪ! ಬರೆಯುವಾಗ ಈಗಲೂ ಮೈ ಜುಮ್ಮೆನ್ನುತ್ತದೆ.

ನನ್ನನ್ನು ಅಪ್ಪ ಒಂದು ಮಾತೂ ಕೇಳಲಿಲ್ಲ. ಊರಿಗೆ ಹೋಗಿ, "ಮಸ್ಕತ್ತಿನಲ್ಲೂ ನಂದೊಂದು ವೇಷ ಆಯ್ತು. ಮೊದಲು ಚಪ್ಪಾಳೆ ಹೊಡೆದದ್ದೇ ಮಗಳು" ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದರಂತೆ — ಸಾಯುವವರೆಗೂ.

ನಾನು ಚಪ್ಪಾಳೆ ತಟ್ಟಲೇ ಇಲ್ಲ. ಕೈಯಲ್ಲಿ ತಟ್ಟೆ ಇತ್ತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ತಟ್ಟೆ ಇರಲಿಲ್ಲ. ಎರಡೂ ಕೈ ಖಾಲಿಯಿದ್ದವು.